ಮೇರಿಗೋಲ್ಡ್‌ನ ಚುಕ್ಕಾಣಿ

ಚೂಡಾಮಣಿ ಕ್ಷಮೆ ಕೇಳಿದಳು. ಸುಶಾಂತ್ "ಪರವಾಗಿಲ್ಲ ಬಿಡಿ" ಅಂದ.

ನಡೆದದ್ದು ಇಷ್ಟೇ. ಶನಿವಾರ ಮಧ್ಯಾಹ್ನ ಗಲ್ಫಿನ ಅಲ್ ಥುಮಾಮಾದ ಕರಕ್ ಚಹಾದಂಗಡಿಯ ಎದುರು, ಅವಳ ಕಾರಿನ ಬಾನೆಟ್ ಮೇಲೆ ಎರಡು ಪೇಪರ್ ಲೋಟ ಇಟ್ಟುಕೊಂಡು ಆಡಿದ ಮಾತು. ಆ ದಿನದಿಂದ ಸುಶಾಂತನಿಗೆ ಕನ್ನಡಿಯ ಮುಂದೆ ನಿಲ್ಲುವುದೇ ಬೇಡವೆನಿಸಿತು. ಗಡ್ಡವನ್ನೂ ಅಂದಾಜಿನ ಮೇಲೆ ಬೋಳಿಸಿಕೊಂಡು ರಾಸ್ ಲಫಾನಿನ ಕೆಲಸದ ಬಸ್ಸು ಹತ್ತತೊಡಗಿದ.

ಅವಳು ಹೇಳಿದ್ದು ಇದು. "ನಿಮ್ಮ ಅಷ್ಟು ಚೆಂದದ ಕೆಲಸಾನ ನಾನು ಹಾಳ್ ಮಾಡ್ಬಿಟ್ಟೆ ಸುಶಾಂತ್. ದೋಣೀನ ನೀರೊಳಗಿನ ಮರಳ ದಿಬ್ಬಕ್ಕೆ ತಾಗಿಸಿದ್ದು ನಾನೇ. ಚುಕ್ಕಾಣಿಯ ಶಾಫ್ಟ್ ಬಗ್ಗಿರ್ಬೇಕು ಅಂತಿದಾರೆ ಬೋಟ್ ಕ್ಲಬ್ಬಲ್ಲಿ. ತುಂಬಾ ಸಾರಿ."

ಹೇಳುವಾಗ ಅವಳ ಕಣ್ಣಂಚು ಒದ್ದೆಯಾಗಿತ್ತು. ಮೈಸೂರಿನ ಹುಡುಗಿ, ಲುಸೈಲಿನ ಕಟ್ಟಡ ಕಂಪನಿಯೊಂದರಲ್ಲಿ ಪ್ಲಾನಿಂಗ್ ಇಂಜಿನಿಯರ್, ಮೀಟಿಂಗಿನಲ್ಲಿ ಹತ್ತು ಗಂಡಸರ ಬಾಯಿ ಮುಚ್ಚಿಸುವವಳು. ಅಂಥವಳು ತಲೆ ತಗ್ಗಿಸಿ ನಿಂತಿದ್ದಳು. ಮರಳ ದಿಬ್ಬ ಪಾಪ, ಏನೂ ಮಾಡಿರಲಿಲ್ಲ. ಚುಕ್ಕಾಣಿ ತಿರುಗದೆ ಕಚ್ಚಿಕೊಂಡದ್ದು ಸುಶಾಂತ್ ಶಾಫ್ಟಿನ ಸುತ್ತ ಬಳೆಯಂತೆ ಹಾಕಿಕೊಟ್ಟ ಬುಷ್‌ಗಳಿಂದ. ಅದು ಅವನಿಗೆ ಆಗಲೇ ಮುಕ್ಕಾಲುಪಾಲು ಗೊತ್ತಿತ್ತು. ಗೊತ್ತಿದ್ದೂ, ತಾನೇ ಮಾಡಿದ ತಪ್ಪಿಗೆ ದೊಡ್ಡ ಮನಸ್ಸಿನಿಂದ ಅವಳನ್ನು ಕ್ಷಮಿಸಿಬಿಟ್ಟ.

ಇಂಥ ಪ್ರೇಮಿಯ ಕಥೆ ಹೇಳಲು ನನಗೂ ಸ್ವಲ್ಪ ಸಂಕೋಚವೇ. ಆದರೆ ಹುಡುಗ ಕೆಟ್ಟವನಲ್ಲ. ಅವನು ಅಲ್ಲಿಗೆ ಹೇಗೆ ಬಂದು ನಿಂತ ಎಂದು ಮೊದಲಿನಿಂದ ಹೇಳಿದರೆ ನೀವೂ ಒಪ್ಪಬಹುದು. ಒಪ್ಪದಿದ್ದರೆ ಅದೂ ನ್ಯಾಯವೇ.

*

ಶುರುವಾದದ್ದು ನವೆಂಬರಿನಲ್ಲಿ, ಕನ್ನಡಿಗರ ರಾಜ್ಯೋತ್ಸವದ ಊಟದ ಸಾಲಿನಲ್ಲಿ. ಚೂಡಾಮಣಿಯ ಜೊತೆ ಫ್ಲ್ಯಾಟ್ ಹಂಚಿಕೊಂಡಿದ್ದ ಕಲ್ಯಾಣಪುರದ ನರ್ಸ್ ಬ್ರೆಂಡಾಗೆ ಸುಶಾಂತ್ ಊರ ಕಡೆಯ ಪರಿಚಯ. ಅವಳು ಅವನ ತೋಳು ಹಿಡಿದು ಎಳೆದು ತಂದು ನಿಲ್ಲಿಸಿದಳು.

"ಚೂಡಾ, ನೋಡು ಇವನನ್ನು. ನಮ್ಮ ಮಲ್ಪೆಯ ಸುಶಾಂತ್. ಮೀನು ಹಿಡಿಯುವ ಮೊಗವೀರರ ಹುಡುಗ. ಇವರೆಲ್ಲ ನಡೀಲಿಕ್ಕೆ ಕಲಿಯುವ ಮೊದಲೇ ದೋಣಿ ಬಿಡ್ಲಿಕ್ಕೆ ಕಲೀತಾರೆ."

ಚೂಡಾಮಣಿ ಬಿಸಿಬೇಳೆಬಾತಿನ ತಟ್ಟೆ ಹಿಡಿದೇ ಪೂರ್ತಿ ಅವನ ಕಡೆ ತಿರುಗಿದಳು. "ನಿಜವಾಗ್ಲೂ? ನನ್ ಹತ್ರ ಒಂದು ಹಾಯಿದೋಣಿ ಇದೆ!"

ಊರಿಗೆ ಮರಳಿದ ಡಚ್ ಬಾಸ್ ಅವಳಿಗೆ ಬಿಟ್ಟುಹೋದ ದೋಣಿ ಅದು. ಇಪ್ಪತ್ನಾಲ್ಕು ಅಡಿ ಉದ್ದ, ಅವಳಿಗಿಂತ ಎರಡು ವರ್ಷ ದೊಡ್ಡದು, ಹೆಸರು ಮೇರಿಗೋಲ್ಡ್. "ಬಿಸ್ಕತ್ತಲ್ಲ," ಎಂದು ಅವಳೇ ಮೊದಲು ನಕ್ಕಳು. ನಕ್ಕಾಗ ಎಡಗಡೆಯ ಒಂದು ಹಲ್ಲು ಸ್ವಲ್ಪ ಮುಂದೆ ಬಂದು ಇಣುಕಿ ಹೋಯಿತು. ಸುಶಾಂತನ ಕೈಯ ಹಪ್ಪಳ ಅಲ್ಲೇ ಮುರಿಯಿತು.

"ಒಂದೇ ತೊಂದ್ರೆ. ಚುಕ್ಕಾಣಿ ಲೂಸ್ ಆಗಿದೆ. ಅಲೆ ಬಂದಾಗೆಲ್ಲ ಕೆಳಗಡೆ ಟಕ್ ಟಕ್ ಅಂತ ಬಡ್ಕೊಳತ್ತೆ. ನೀವು ಒಂದ್ಸಲ ನೋಡ್ತೀರಾ?"

ಇಲ್ಲಿ ಅವನು ಹೇಳಬೇಕಾದ ಮಾತೊಂದಿತ್ತು: ಅಪ್ಪ ದೋಣಿಗೆ ಹೋದವರಲ್ಲ, ಬಂದರಿನ ಐಸ್ ಪ್ಲಾಂಟಿನಲ್ಲಿ ಕಂಪ್ರೆಸರ್ ನೋಡಿಕೊಂಡವರು. ನಾನು ಶಾಲೆ ಮುಗಿಸಿ ಆಡಿದ್ದೂ ಆ ಕಂಪ್ರೆಸರಿನ ಪಕ್ಕದಲ್ಲೇ. ಕೇರಿಯ ಹುಡುಗರು ನನ್ನನ್ನು ಕರೆದದ್ದು 'ಐಸ್' ಎಂದು. ಈಗ ರಾಸ್ ಲಫಾನಿನಲ್ಲಿ ಪಂಪ್ ರಿಪೇರಿ ಮಾಡುತ್ತೇನೆ. ಶಾಫ್ಟ್ ಗೊತ್ತು, ಬೇರಿಂಗ್ ಗೊತ್ತು, ಕಡಲು ಮಾತ್ರ ಗೊತ್ತಿಲ್ಲ.

ಇಷ್ಟು ಹೇಳಿದ್ದರೆ ಊಟ ಮುಗಿಯುತ್ತಿತ್ತು, ಕಥೆಯೂ ಮುಗಿಯುತ್ತಿತ್ತು. ಆದರೆ ಮೂವತ್ತೈದು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬಳು ಅವನನ್ನು ಕಡಲಿನವನೆಂದು ಕಣ್ಣರಳಿಸಿ ನೋಡುತ್ತಿದ್ದಳು.

"ಎಂತ ದೊಡ್ಡ ವಿಷಯ ಮಾರಾಯ್ರೆ," ಅಂದ ಸುಶಾಂತ್. "ಈ ಶುಕ್ರವಾರ ಬರ್ತೇನೆ."

*

ಶುಕ್ರವಾರ ಬೆಳಿಗ್ಗೆ ಕ್ಲಬ್ಬಿನ ಅಂಗಳದಲ್ಲಿ ಮೇರಿಗೋಲ್ಡನ್ನು ಕ್ರೇನಿನಿಂದ ಎತ್ತಿ ಕಬ್ಬಿಣದ ಕಾಲುಗಳ ಮೇಲೆ ಕೂರಿಸಿದ್ದರು. ನೀರಿನಿಂದ ಹೊರಗೆ ಬಂದ ದೋಣಿ ಅಷ್ಟು ಎತ್ತರ ಇರುತ್ತದೆಂದು ಸುಶಾಂತನಿಗೆ ಗೊತ್ತಿರಲಿಲ್ಲ. ಆಶ್ಚರ್ಯ ತೋರಿಸದೆ ಅದರ ಸುತ್ತ ಎರಡು ಸುತ್ತು ಹಾಕಿದ. ಹಿಂದುಗಡೆ, ದೋಣಿಯ ಹೊಟ್ಟೆಯೊಳಗಿಂದ ಒಂದು ಶಾಫ್ಟ್ ಇಳಿದು ಅದಕ್ಕೆ ಬಾಗಿಲಿನಂಥ ದಪ್ಪ ಹಲಗೆ ಅಂಟಿಕೊಂಡಿತ್ತು, ಅದೇ ಚುಕ್ಕಾಣಿ. ಶಾಫ್ಟಿನ ಮೇಲ್ತುದಿಯಲ್ಲಿ ಉದ್ದನೆಯ ಮರದ ಹಿಡಿಕೆ. ನೋಡಿದ್ದೇ ಅವನಿಗೆ ಧೈರ್ಯ ಬಂತು. ಇದು ನಿಂತುಕೊಂಡಿರುವ ಪಂಪಿನ ಶಾಫ್ಟ್ ಅಷ್ಟೇ.

"ನೀವು ಮೇಲೆ ಹತ್ತಿ ಹಿಡಿಕೆಯನ್ನು ಗಟ್ಟಿ ಹಿಡ್ಕೊಳ್ಳಿ. ಜಪ್ಪಯ್ಯ ಅಂದ್ರೂ ಬಿಡ್ಬೇಡಿ. ನಾನು ಕೆಳಗಿಂದ ಹಲಗೆ ಅಲ್ಲಾಡಿಸ್ತೇನೆ."

ನಡುವೆ ದೋಣಿ ಇದ್ದದ್ದರಿಂದ ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಧ್ವನಿ ಮಾತ್ರ.

"ಈಗ ಎಂತಾದ್ರೂ ಗೊತ್ತಾಯ್ತಾ?"

"ಇಲ್ಲ. ನೀವು ನಿಜವಾಗ್ಲೂ ಅಲ್ಲಾಡಿಸ್ತಿದೀರಾ, ಅಥವಾ ಸುಮ್ನೆ ಕೇಳ್ತಿದೀರಾ?"

"ಅಲ್ಲಾಡಿಸ್ತಾ ಇದ್ದೇನೆ ಮಾರಾಯ್ರೆ! ಮೇಲಿನ ಬೋಲ್ಟ್ ಹತ್ರ ನೋಡಿ, ಅಲ್ಲಿ ಸಂದು ಬಿಡ್ತದಾ?"

"ಊಹೂಂ. ಬೋಲ್ಟ್ ಗಟ್ಟಿಯಾಗಿದೆ."

ಹಾಗಾದರೆ ದೋಷ ಹಿಡಿಕೆಯಲ್ಲಿಲ್ಲ. ಹಲಗೆ ಶಾಫ್ಟಿಗೆ ಅಂಟಿರುವ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆದು ಮತ್ತೆ ಅಲ್ಲಾಡಿಸಿದ. ಗೆರೆ ಮುರಿಯಲಿಲ್ಲ. ಅಲ್ಲಿಗೆ ಉಳಿದದ್ದು ಶಾಫ್ಟನ್ನು ಹಿಡಿದು ನಿಲ್ಲಿಸುವ ಬುಷ್‌ಗಳು, ಒಳಗಿನ ಬಳೆಗಳು.

"ಕೆಳಗೆ ಬನ್ನಿ. ಒಂದು ತಮಾಷೆ ತೋರಿಸ್ತೇನೆ."

ಅವಳು ಏಣಿ ಇಳಿದು ಬಂದು ಅವನ ಪಕ್ಕ ಮಂಡಿಯೂರಿದಳು. ಶಾಫ್ಟ್ ದೋಣಿಯೊಳಗೆ ಹೋಗುವ ಬಾಯಿಯಲ್ಲಿ ಅವಳ ತೋರುಬೆರಳನ್ನು ಇರಿಸಿ, ಅವನು ಹಲಗೆಯನ್ನು ಪಕ್ಕಕ್ಕೆ ತಳ್ಳಿದ.

"ಅಯ್ಯೋ! ಅಲ್ಲಾಡ್ತಾ ಇದೆ! ಬೆರಳಿಗೆ ಕಚಗುಳಿ ಆಗತ್ತೆ!"

"ಅದೇ ರೋಗ. ಕೆಳಗಿನ ಬುಷ್ ಸವೆದಿದೆ."

"ನೋಡದೇ ಹೇಳ್ಬಿಟ್ರಲ್ಲ ಡಾಕ್ಟ್ರೇ." ಅವಳು ಅಷ್ಟು ಹತ್ತಿರದಿಂದ ತಲೆಯೆತ್ತಿ ನೋಡಿದಾಗ ಅವಳ ರೆಪ್ಪೆಯ ಮೇಲೆ ದೋಣಿಯಿಂದ ಉದುರಿದ ನೀಲಿ ಬಣ್ಣದ ಪುಡಿ ಕಾಣಿಸಿತು. ಹೇಳಬೇಕೋ ಬೇಡವೋ ಎಂದು ಅವನು ಯೋಚಿಸುತ್ತಿರುವಾಗಲೇ ಅವಳು ಕಣ್ಣು ಮಿಟುಕಿಸಿದಳು, ಪುಡಿ ಕೆನ್ನೆಗೆ ಇಳಿಯಿತು. ಅವನು ಹಲಗೆಯನ್ನು ತಳ್ಳುವುದನ್ನು ಮರೆತ. ಅವಳು ಬೆರಳು ತೆಗೆಯುವುದನ್ನು ಮರೆತಳು.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಬೋಲ್ಟ್ ಬಿಚ್ಚಿ, ದೋಣಿಯನ್ನು ಇನ್ನೊಂದಿಷ್ಟು ಎತ್ತಿಸಿ, ಇಬ್ಬರೂ ಸೇರಿ ಚುಕ್ಕಾಣಿಯನ್ನು ಕೆಳಕ್ಕೆ ಇಳಿಸಿದರು. ಹೊರಬಂದ ಬುಷ್ ಒಂದು ಕಡೆ ಕಾಗದದಷ್ಟು ತೆಳ್ಳಗಾಗಿತ್ತು. ಚೂಡಾಮಣಿ ಅದನ್ನು ಬೆರಳಿಗೆ ಹಾಕಿಕೊಂಡು ತಿರುಗಿಸಿ ನೋಡಿದಳು.

"ಮುಂದಿನ ಶುಕ್ರವಾರ ನೀರಿಗಿಳಿಸ್ಬಹುದಾ?"

"ಧಾರಾಳವಾಗಿ. ಕೂದಲೆಳೆಯಷ್ಟೂ ಅಲ್ಲಾಡದ ಹಾಗೆ ಮಾಡಿ ಕೊಡ್ತೇನೆ."

*

ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಇಟ್ಟುಕೊಂಡಿರುವ ಪಕೀರಬ್ಬ ಉಳ್ಳಾಲದ ಕಡೆಯವರು. ಮೂವತ್ತು ವರ್ಷದಿಂದ ಕಬ್ಬಿಣದ ಚೂರುಗಳ ನಡುವೆ ಬದುಕಿದ ಮನುಷ್ಯ. ಹಳೇ ಬುಷ್ ಕೈಯಲ್ಲಿ ಹಿಡಿದು ಕನ್ನಡಕದ ಮೇಲಿಂದ ನೋಡಿದರು.

"ನೀರಿನೊಳಗೆ ಇರುವುದಾ ಇದು? ಹಾಗಾದ್ರೆ ನೀರು ಕುಡಿಯದ ಪ್ಲಾಸ್ಟಿಕ್ಕು, ಡೆಲ್ರಿನ್ ಬೇಕು ಮಗಾ. ಈಗ ಸ್ಟಾಕ್ ಮಾಫಿ, ಇಲ್ಲವೇ ಇಲ್ಲ. ತರಿಸ್ಲಿಕ್ಕೆ ಹತ್ತು ದಿನ ಆಗ್ತದೆ."

"ಹತ್ತು ದಿನ ಕಾಯ್ಲಿಕ್ಕೆ ಆಗುವುದಿಲ್ಲ ಕಾಕ. ಆ ನೈಲಾನ್ ರಾಡ್ ಉಂಟಲ್ಲ?"

"ನೈಲಾನ್ ನೀರು ಕುಡೀತದೆ. ಕುಡಿದು ಉಬ್ಬುತ್ತದೆ. ಹಾಕುವುದೇ ಆದ್ರೆ ಗ್ಯಾಪ್ ಜಾಸ್ತಿ ಬಿಡ್ಬೇಕು."

"ಗ್ಯಾಪ್ ಬಿಟ್ರೆ ಮತ್ತೆ ಲೂಸ್ ಅಲ್ವಾ? ಟೈಟೇ ಮಾಡಿ."

ಪಕೀರಬ್ಬ ನೈಲಾನ್ ರಾಡನ್ನು ಕೈಗೆತ್ತಿಕೊಂಡರು. "ಯಾರ ದೋಣಿ?"

ಸುಶಾಂತನ ಕಿವಿ ಕೆಂಪಾಯಿತು.

"ಓ," ಅಂದರು ಮುದುಕ, ಇನ್ನೇನೂ ಕೇಳದೆ ಲೇತ್ ಚಾಲು ಮಾಡಿದರು. ಎರಡು ಬುಷ್ ಸಾಕಿತ್ತು, ಅಭ್ಯಾಸದಂತೆ ಒಂದು ಹೆಚ್ಚಿಗೆ ಮಾಡಿಕೊಟ್ಟರು.

ಆದ್ದರಿಂದ, ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ಸುಶಾಂತನಿಗೆ ಇರಲಿಲ್ಲ. ಹೇಳಿದ್ದರು. ಅವನು ಕೇಳಿಸಿಕೊಂಡಿದ್ದ. ಶುಕ್ರವಾರದ ಆಸೆಗೆ ಬಿದ್ದು ಅದನ್ನು ಕಿವಿಯಿಂದಾಚೆ ಹಾಕಿದ್ದ.

ಜೋಡಿಸಿದ ದಿನ ಎಲ್ಲವೂ ಬಲು ಸೊಗಸು. ಒಣಗಿದ ಬುಷ್, ಉಜ್ಜಿದ ಶಾಫ್ಟ್. ಚೂಡಾಮಣಿ ಕಿರುಬೆರಳಿನಿಂದ ಹಿಡಿಕೆಯನ್ನು ಅತ್ತಿತ್ತ ಆಡಿಸಿ, "ಬೆಣ್ಣೆ!" ಎಂದಳು. ಆಮೇಲೆ ಅವನ ಕಡೆ ನೋಡಿ, "ಸಮುದ್ರದವರ ಕೈಯೇ ಬೇರೆ ಕಣ್ರೀ," ಎಂದಳು. ಅವನು ತಿದ್ದದೆ ಆ ಮಾತನ್ನೂ ಇಟ್ಟುಕೊಂಡ.

ಮುಂದಿನ ಮೂರು ವಾರ ಅವನ ಬದುಕಿನ ಅತ್ಯಂತ ಸುಖದ ದಿನಗಳು. ಪ್ರತಿ ಶುಕ್ರವಾರ ಅವಳು ಹಾಯಿ ಬಿಚ್ಚಿಕೊಂಡು ಹೋಗಿ ಫೋಟೋ ಕಳಿಸುತ್ತಿದ್ದಳು. "ಬನ್ನಿ, ನಿಮ್ಮ ಚುಕ್ಕಾಣಿ ನೀವೇ ಹಿಡೀರಿ" ಎಂದು ಕರೆಯುತ್ತಿದ್ದಳು. "ಶಿಫ್ಟ್ ಉಂಟು" ಎಂದು ಅವನು ತಪ್ಪಿಸಿಕೊಳ್ಳುತ್ತಿದ್ದ. ಶನಿವಾರ ಕರಕ್ ಕುಡಿಯಲು ಮಾತ್ರ ಒಂದು ನಿಮಿಷವೂ ತಡವಾಗುತ್ತಿರಲಿಲ್ಲ. ಅವಳು ಅವನ 'ಉಂಟು' ಅನುಕರಿಸಿದರೆ ಅವನು ಅವಳ 'ಕಣ್ರೀ' ಅನುಕರಿಸುತ್ತಿದ್ದ. ಲೋಟ ಖಾಲಿಯಾದ ಮೇಲೂ ಇಬ್ಬರೂ ಖಾಲಿ ಲೋಟ ಹಿಡಿದು ನಿಂತಿರುತ್ತಿದ್ದರು.

ನಾಲ್ಕನೆಯ ಶುಕ್ರವಾರ ಚೂಡಾಮಣಿ ಬ್ರೆಂಡಾಳನ್ನೂ ಕರೆದುಕೊಂಡು ಹೊರಟಳು. ದಾರಿಯಲ್ಲಿ ದೋಣಿಯ ಅಡಿ ಮರಳ ದಿಬ್ಬವೊಂದನ್ನು ಮೆತ್ತಗೆ ಸವರಿಕೊಂಡು ಹೋಯಿತು. ಮಧ್ಯಾಹ್ನದ ಹೊತ್ತಿಗೆ ಉತ್ತರದ ಶಮಾಲ್ ಗಾಳಿ ಎದ್ದಿತು. ಮರಳಿ ಬರುವಾಗ ಹಿಡಿಕೆ ಮೊದಲು ಬಿಗಿಯಾಯಿತು, ಆಮೇಲೆ ಇಬ್ಬರೂ ಸೇರಿ ಎಳೆದರೂ ಅಲ್ಲಾಡಲಿಲ್ಲ. ಮೇರಿಗೋಲ್ಡ್ ನೆಟ್ಟಗೆ ಕಲ್ಲಿನ ತಡೆಗೋಡೆಯ ಕಡೆ ಹೊರಟಿತು. ಚೂಡಾಮಣಿ ಹಾಯಿ ಕೆಡವಿ ಲಂಗರು ಎಸೆದಳು. ಕ್ಲಬ್ಬಿನ ಮೋಟಾರು ದೋಣಿ ಬಂದು ಹಗ್ಗ ಕಟ್ಟಿ ಎಳೆಯುವ ಹೊತ್ತಿಗೆ ಗೋಡೆ ಎರಡು ಕಾರಿನಷ್ಟು ದೂರದಲ್ಲಿತ್ತು. ಯಾರಿಗೂ ಏನೂ ಆಗಲಿಲ್ಲ. ಮರಳ ದಿಬ್ಬದ ವಿಷಯ ಕೇಳಿದ ಕ್ಲಬ್ಬಿನವರು, ಶಾಫ್ಟ್ ಬಗ್ಗಿರಬೇಕು ಎಂದರು. ಅವಳು ನಂಬಿದಳು. ಮರುದಿನ ಕರಕ್ ಅಂಗಡಿಯೆದುರು ನಡೆದದ್ದು ನಿಮಗೆ ಗೊತ್ತೇ ಇದೆ.

*

ಮೊದಲು ಬಿಗಿಯಾಯಿತು, ಆಮೇಲೆ ನಿಂತಿತು. ಪಂಪಿನವನಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಬಗ್ಗಿದ ಶಾಫ್ಟ್ ಬಗ್ಗಿದಾಗಲೇ ಕಚ್ಚುತ್ತದೆ, ಹಾಗೆ ಗಂಟೆಗಟ್ಟಲೆ ಬಿಟ್ಟು ಕಚ್ಚಿಕೊಳ್ಳುವುದಿಲ್ಲ.

ಆದರೂ ಸುಶಾಂತ್ ರೂಮಿಗೆ ಹೋಗಿ ಉಳಿದಿದ್ದ ಮೂರನೆಯ ಬುಷ್ಷನ್ನು ವರ್ನಿಯರ್ ಅಳತೆಗೋಲಿನಿಂದ ಅಳೆದು, ಮಗ್ಗಿನಲ್ಲಿ ಉಪ್ಪುನೀರು ತುಂಬಿಸಿ, ಅದರೊಳಗೆ ಹಾಕಿಟ್ಟ. ಪರೀಕ್ಷೆ ಮಾಡದೆ ಹೇಗೆ ಹೇಳುವುದು ಎಂದುಕೊಂಡ. ಗೊತ್ತಿದ್ದ ಉತ್ತರವನ್ನೇ ನೆನೆಸಿಟ್ಟು ದಿನ ತಳ್ಳಿದ. ಹತ್ತನೆಯ ದಿನ ಅಳೆದಾಗ ಬುಷ್ ಉಬ್ಬಿತ್ತು. ಅವನು ಮಗ್ಗನ್ನು ಕಿಟಕಿಯ ಮೇಲೆ ಹಾಗೇ ಇಟ್ಟು, ಆವತ್ತೂ ಫೋನ್ ಮಾಡಲಿಲ್ಲ.

ಏನೆಂದು ಹೇಳುವುದು? ಬುಷ್ ನನ್ನ ತಪ್ಪು ಎಂದರೆ, ಗೊತ್ತಿದ್ದೂ ಹಾಕಿದೆ ಎನ್ನಬೇಕು. ಗೊತ್ತಿದ್ದೂ ಯಾಕೆ ಎಂದರೆ, ನಾನು ಕಡಲಿನವನಲ್ಲ ಎನ್ನಬೇಕು. ಅಷ್ಟು ಹೇಳಿದ ಮೇಲೆ, ನಿಮ್ಮ ಕ್ಷಮಾಪಣೆಯನ್ನು ಯಾಕೆ ಸ್ವೀಕರಿಸಿದೆ ಎನ್ನುವುದಕ್ಕೆ ಉತ್ತರವೇ ಇಲ್ಲ. ಅಷ್ಟೂ ಸೇರಿದರೆ ಅವಳು ನೋಡುತ್ತಿದ್ದ ಆ ಮನುಷ್ಯನಲ್ಲಿ ಉಳಿಯುವುದೇನು? ಬಸ್ಸಿನಲ್ಲಿ, ಪಂಪಿನ ಮುಂದೆ, ಊಟದ ತಟ್ಟೆಯ ಮುಂದೆ ಇದೇ ಯೋಚನೆ. ನಾಚಿಕೆಗೆ ಹಸಿವು ಕೂಡ ಹೋಗಿತ್ತು.

ಹದಿಮೂರನೆಯ ದಿನ ಅವಳ ಮೆಸೇಜು ಬಂತು. "ಮೇರಿಗೋಲ್ಡನ್ನ ಮಾರ್ತಿದೀನಿ. ನಾಳೆ ಹತ್ತು ಗಂಟೆಗೆ ಒಬ್ರು ನೋಡೋಕೆ ಬರ್ತಾರೆ. ಚುಕ್ಕಾಣಿ ಬಿಚ್ಚಿ ಬಗ್ಗಿದ ಶಾಫ್ಟನ್ನ ಅವರಿಗೆ ತೋರಿಸಿಯೇ ಮಾರ್ಬೇಕು, ಮುಚ್ಚಿಡೋಕೆ ಮನಸ್ಸಿಲ್ಲ. ಕೊನೇ ಸಹಾಯ, ಬರ್ತೀರಾ?"

*

ಕೊಳ್ಳಲು ಬಂದವನು ಈಜಿಪ್ಟಿನ ಹಲ್ಲಿನ ಡಾಕ್ಟರ್, ಒಳ್ಳೆಯ ಮನುಷ್ಯ. ಸುಶಾಂತ್ ಅಂಗಳದಲ್ಲಿ ಎತ್ತಿಟ್ಟ ದೋಣಿಯ ಕೆಳಗೆ ಕೂತು ಚುಕ್ಕಾಣಿಯನ್ನು ಎಳೆದ. ಅದು ಜಗ್ಗಲಿಲ್ಲ. ಮರದ ಸುತ್ತಿಗೆಯಿಂದ ಹೊಡೆದರೂ ಜಗ್ಗಲಿಲ್ಲ.

ಡಾಕ್ಟರ್ ಇಂಗ್ಲಿಷಿನಲ್ಲಿ ಕೇಳಿದ, ಇದು ಹೇಗಾಯಿತು?

ಚೂಡಾಮಣಿ ಒಂದು ಹೆಜ್ಜೆ ಮುಂದೆ ಬಂದಳು. ಹದಿನಾಲ್ಕು ದಿನದಲ್ಲಿ ಅವಳ ಕೆನ್ನೆ ಇಳಿದುಹೋಗಿತ್ತು. "ಇಟ್ ವಾಸ್ ಮೈ ಮಿಸ್ಟೇಕ್," ಎಂದು ಶುರುಮಾಡಿದಳು. "ಐ ಆಮ್ ನಾಟ್ ಎ ಗುಡ್ ಸೇಲರ್…"

"ಅಲ್ಲ," ಅಂದ ಸುಶಾಂತ್.

ದೋಣಿಯ ಅಡಿಯಿಂದ ಎದ್ದು ಬಂದ. ಕೈಯೆಲ್ಲ ಗ್ರೀಸು. ಒರೆಸಿಕೊಳ್ಳಲು ಬಟ್ಟೆ ಹುಡುಕುವ ನೆಪವನ್ನೂ ಮಾಡಲಿಲ್ಲ.

"ನಿಮ್ಮ ತಪ್ಪಲ್ಲ. ಶಾಫ್ಟ್ ಬಗ್ಗಲಿಲ್ಲ. ನಾನು ಹಾಕಿದ ಬುಷ್ ನೀರು ಕುಡಿದು ಉಬ್ಬಿದೆ, ಅದಕ್ಕೇ ಕಚ್ಚಿಕೊಂಡದ್ದು. ನೈಲಾನ್ ಬೇಡ ಅಂತ ಲೇತಿನವರು ಹೇಳಿದ್ರು. ನಾನು ಕೇಳ್ಲಿಲ್ಲ. ಶುಕ್ರವಾರಕ್ಕೆ ಮುಗಿಸಿ ನಿಮ್ಮಿಂದ ಶಹಭಾಸ್ ಅನ್ನಿಸ್ಕೊಳ್ಳುವ ಆಸೆ ಇತ್ತು ನನಗೆ."

ಡಾಕ್ಟರನಿಗೆ ಭಾಷೆ ತಿಳಿಯದಿದ್ದರೂ ಏನೋ ತಿಳಿಯಿತು, ಫೋನ್ ಕಿವಿಗಿಟ್ಟುಕೊಂಡು ಪಕ್ಕದ ದೋಣಿಯ ಕಡೆ ಹೋದ.

"ಇನ್ನೂ ಉಂಟು," ಅಂದ ಸುಶಾಂತ್. ನಿಲ್ಲಿಸಿದರೆ ಮತ್ತೆ ಬಾಯಿ ಬಾರದೆಂದು ಅವನಿಗೆ ಗೊತ್ತಿತ್ತು. "ನಾನು ಸಮುದ್ರದವನಲ್ಲ. ಇವತ್ತಿನವರೆಗೆ ಒಂದು ದೋಣಿಯಲ್ಲೂ ಕೂತವನಲ್ಲ. ಅಪ್ಪ ಐಸ್ ಪ್ಲಾಂಟಿನಲ್ಲಿದ್ರು. ಬ್ರೆಂಡಾ ಹೇಳಿದ್ದು ಸುಳ್ಳು ಅಂತ ನಾನು ಆಗ್ಲೇ ಹೇಳ್ಬೇಕಿತ್ತು."

"ಯಾವಾಗ ಗೊತ್ತಾಯ್ತು?"

"ಎಂತದು?"

"ಬುಷ್ಷಿಂದ ಆಗಿದ್ದು ಅಂತ."

ಅವನು ನೆಲ ನೋಡಿದ. "ನೀವು ಸಾರಿ ಹೇಳುವಾಗಲೇ."

ಅವಳ ಮುಖ ಬೆಳ್ಳಗಾಯಿತು. ಅವಳು ಮೆಲ್ಲಗೆ ಮಾತಾಡಿದಳು, ಅದೇ ಅವನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಹದಿನಾಲ್ಕು ದಿನ ಸುಶಾಂತ್. ಬ್ರೆಂಡಾನ ಕೊಲ್ತಿದ್ದೆ ನಾನು ಅಂದ್ಕೊಂಡಿದ್ದೆ. ಅವಳ ಮುಖ ನೋಡೋಕಾಗ್ದೆ ಅಡುಗೆಮನೆಗೆ ಅವಳು ಬಂದ್ರೆ ನಾನು ಎದ್ದು ಹೋಗ್ತಿದ್ದೆ. ಬುಷ್ ತಪ್ಪಾಗಿದ್ದಕ್ಕೆ ಕೋಪ ಇಲ್ಲ ನಂಗೆ. ನೀವು ದೋಣಿ ಹತ್ತಿಲ್ಲ ಅನ್ನೋದಕ್ಕೂ ಇಲ್ಲ. ಆದ್ರೆ ನಾನು ಸಾರಿ ಅಂದಾಗ ಅದನ್ನ ಇಸ್ಕೊಂಡು ಜೇಬಿಗೆ ಹಾಕ್ಕೊಂಡ್ರಲ್ಲ, ಅದು ನಿಮಗೆ ಸೇರಿದ್ದಾಗಿರ್ಲಿಲ್ಲ. ವಾಪಸ್ ಕೊಡಿ."

"ಕೊಟ್ಟೆ," ಅಂದ ಅವನು. ಇನ್ನೊಮ್ಮೆ ಅಂದ. "ಕೊಟ್ಟೆ. ನನ್ನದೂ ತಗೊಳ್ಳಿ."

"ನಿಮ್ದು ಈಗ ಬೇಡ."

ಅವಳು ಹೋಗಿ ಡಾಕ್ಟರನಿಗೆ ದೋಣಿ ಮಾರುವುದಿಲ್ಲವೆಂದು ಹೇಳಿ ಬಂದಳು. ಸುಶಾಂತ್ ತನ್ನ ಪಾನಾ ಸುತ್ತಿಗೆಗಳನ್ನು ಚೀಲಕ್ಕೆ ತುಂಬುತ್ತಿದ್ದ. ನೆಲ ಬಿರಿದು ನುಂಗಬಾರದೇ ಎನ್ನುತ್ತಾರಲ್ಲ, ಅವನಿಗೆ ಆಗ ಬೇಕಾಗಿದ್ದದ್ದು ಅದೊಂದೇ.

"ಎಲ್ಲಿಗೆ ಹೊರಟ್ರಿ?"

"ಮನೆಗೆ."

"ಇದನ್ನ ಯಾರು ಬಿಚ್ತಾರೆ? ಕಚ್ಚಿಸಿದ್ದು ನೀವು, ಬಿಡಿಸಿ. ಪ್ರತಿ ಬೋಲ್ಟೂ ನನಗೆ ಹೇಳಿ ಬಿಚ್ಬೇಕು. ಗೊತ್ತಿಲ್ಲದೆ ಇದ್ರೆ ಗೊತ್ತಿಲ್ಲ ಅನ್ಬೇಕು. ಅಷ್ಟೇ. ಬೇರೆ ಮಾತು ಬೇಡ."

*

ಬೇರೆ ಮಾತು ಬೇಡ ಎಂದಿದ್ದಳು, ಅವನು ಪಾಲಿಸಿದ. ಚುಕ್ಕಾಣಿಯ ಮೇಲೆ ಜ್ಯಾಕ್ ಇಟ್ಟು ಒತ್ತಿ ಇಳಿಸಿದರು. ಉಬ್ಬಿದ ಬುಷ್‌ಗಳು ಶಾಫ್ಟ್ ಹಾಯುವ ಕೊಳವೆಯೊಳಗೇ ಉಳಿದವು. ಹ್ಯಾಕ್ಸಾ ಬ್ಲೇಡನ್ನು ಕೈಯಲ್ಲಿ ಹಿಡಿದು ಒಳಗಿನಿಂದ ಸೀಳಿದರೆ ಬರಬಹುದೆಂದು ಅವನು ಹೇಳಿದ.

"ಕೊಳವೆಗೆ ಗಾಯ ಆಗಲ್ವಾ?"

"ಗೊತ್ತಿಲ್ಲ. ನಿಧಾನ ಮಾಡಿದ್ರೆ ಆಗ್ಲಿಕ್ಕಿಲ್ಲ ಅನಿಸ್ತದೆ."

"ಸರಿ. ಟಾರ್ಚ್ ನಾನು ಹಿಡೀತೀನಿ."

ಶಾಫ್ಟನ್ನು ನೆಲದ ಮೇಲೆ ಉರುಳಿಸಿ ನೋಡಿದರು. ಅದು ನೆಟ್ಟಗಿತ್ತು. ಚೂಡಾಮಣಿ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು ತಾನೇ ಇನ್ನೊಮ್ಮೆ ಉರುಳಿಸಿ ನೋಡಿದಳು. ಆಮೇಲೆ ಬ್ರೆಂಡಾಗೆ ಫೋನ್ ಮಾಡಿದಳು. ಅವಳು ಹೇಳುವುದು ಕಿವಿಗೆ ಬೀಳದಿರಲೆಂದು ಸುಶಾಂತ್ ದೂರ ಹೋಗಿ ನಿಂತ. ಆದರೆ ಫೋನಿನಾಚೆಯ ಬ್ರೆಂಡಾ ಅವನ ಹೆಸರು ಹಿಡಿದು ಕೊಂಕಣಿಯಲ್ಲಿ ಬೈದದ್ದು ಕ್ಲಬ್ಬಿನ ಗೇಟಿಗೂ ಕೇಳಿಸಿರಬೇಕು.

ಡೆಲ್ರಿನ್ ತರಿಸಲು ಅವಳೂ ಅವನ ಜೊತೆ ಪಕೀರಬ್ಬರ ಹತ್ತಿರ ಬಂದಳು. ಮುದುಕ ಅವಳನ್ನು ನೋಡಿ, ಅವನನ್ನು ನೋಡಿ, ಒಂದೇ ಮಾತು ಕೇಳಿದರು. "ಹೇಳಿದಿಯಾ?"

"ಹೇಳಿದೆ ಕಾಕ."

"ಹಾಗಾದ್ರೆ ಮಾಡಿಕೊಡ್ತೇನೆ."

ಹೊಸ ಬುಷ್ ಬಂದ ಮೇಲೂ ಚೂಡಾಮಣಿ ಹಾಕಲು ಬಿಡಲಿಲ್ಲ. ಎರಡು ವಾರ ಸಮುದ್ರದ ನೀರಿನಲ್ಲಿ ನೆನೆಸಿ ಅಳೆಯಬೇಕೆಂದಳು. ಪ್ಲಾನಿಂಗ್ ಇಂಜಿನಿಯರ್ ಅಲ್ಲವೇ, ಗೋಡೆಗೆ ಅಂಟಿಸಲು ಒಂದು ಚಾರ್ಟನ್ನೂ ಮಾಡಿದಳು. ಎರಡು ದಿನಕ್ಕೊಮ್ಮೆ ಅವನು ಅವಳ ಫ್ಲ್ಯಾಟಿನ ಬಾಲ್ಕನಿಗೆ ವರ್ನಿಯರ್ ಹಿಡಿದುಕೊಂಡು ಬಂದು, ಬುಷ್ ನೆನೆಸಿದ ಬಕೆಟ್ಟಿನ ಮುಂದೆ ಕೂತು ಅಳೆದು, ಅಂಕಿ ಹೇಳಿ, ಬ್ರೆಂಡಾ ಕೊಟ್ಟ ಚಹಾವನ್ನು ತಲೆ ಎತ್ತದೆ ಕುಡಿದು ಹೋಗುತ್ತಿದ್ದ. ಆ ಮನೆಯಲ್ಲಿ ಅವನು ಕುರ್ಚಿಯ ತುದಿಯಲ್ಲಿ ಮಾತ್ರ ಕೂರುತ್ತಿದ್ದ.

ಏಳನೆಯ ಸಲದ ಅಳತೆಯ ದಿನ ಚೂಡಾಮಣಿ ಚಾರ್ಟಿನಲ್ಲಿ ಬರೆಯುತ್ತ ಅಂದಳು, "ಇವತ್ತು ಐದು ಸಲ 'ಗೊತ್ತಿಲ್ಲ' ಅಂದ್ರಿ. ಮೊನ್ನೆ ಮೂರು."

"ನೀವು ಲೆಕ್ಕ ಇಡ್ತೀರಾ?"

"ಇಡದೆ? ಇಂಪ್ರೂವ್‌ಮೆಂಟ್ ಇದೆ." ಬರೆಯುವುದನ್ನು ನಿಲ್ಲಿಸಲಿಲ್ಲ. ಆದರೆ ತುಟಿಯ ಅಂಚು ಅಲ್ಲಾಡಿತು. ಸುಶಾಂತನಿಗೆ ಆ ಅಂಚು ಕಂಡು ಎಷ್ಟು ಸಂತೋಷವಾಯಿತೆಂದರೆ ವರ್ನಿಯರನ್ನು ಬಕೆಟ್ಟಿಗೇ ಬೀಳಿಸಿದ.

*

ಫೆಬ್ರವರಿಯ ಕೊನೆಯ ಶುಕ್ರವಾರ ಮೇರಿಗೋಲ್ಡ್ ನೀರಿಗಿಳಿಯಿತು. ಹಿಡಿಕೆ ಹಗುರವಾಗಿ ತಿರುಗಿತು, ಕೆಳಗೆ ಸದ್ದಿಲ್ಲ. ಚೂಡಾಮಣಿ ಹಗ್ಗ ಬಿಚ್ಚುತ್ತ, ಅವನ ಕಡೆ ನೋಡದೆ ಕೇಳಿದಳು, "ಇವತ್ತೂ ಶಿಫ್ಟ್ ಇದೆಯಾ?"

"ಶಿಫ್ಟ್ ಇಲ್ಲ. ಆವಾಗ್ಲೂ ಇರ್ಲಿಲ್ಲ. ನನಗೆ ಹೆದರಿಕೆ ಆಗ್ತಿತ್ತು." ಅವನು ದಡದಲ್ಲಿ ನಿಂತೇ ಹೇಳಿದ. "ಈಗ್ಲೂ ಆಗ್ತದೆ. ಆದರೂ ಬರ್ತೇನೆ. ಇದು ಸರಿ ಆಗಿದೆಯಾ ಅಂತ ನೀರಿನಲ್ಲೇ ಗೊತ್ತಾಗ್ಬೇಕು. ಆಗದೆ ಇದ್ರೆ ನಾನೂ ಅಲ್ಲೇ ಇರ್ಬೇಕು."

ಅವಳು ಲೈಫ್ ಜಾಕೆಟ್ ಎಸೆದಳು. ಅವನು ಅದನ್ನು ತಿರುವು ಮುರುವು ಹಾಕಿಕೊಂಡ. ಅವಳೇ ಹತ್ತಿರ ಬಂದು ಬಿಚ್ಚಿ, ಸರಿಮಾಡಿ, ಪಟ್ಟಿಗಳನ್ನು ಒಂದೊಂದಾಗಿ ಬಿಗಿದಳು. ಕೊನೆಯ ಪಟ್ಟಿ ಎಳೆಯುವಾಗ ಅವಳ ಬೆರಳು ಅವನ ಎದೆಯ ಹತ್ತಿರ ಒಂದು ಕ್ಷಣ ನಿಂತಿತು. "ಎಷ್ಟು ಜೋರಾಗಿ ಹೊಡ್ಕೊಳ್ತಿದೆ," ಎಂದಳು ಮೆಲ್ಲಗೆ.

ದಡ ಬಿಟ್ಟು ಅರ್ಧ ಗಂಟೆ ಎಲ್ಲ ಚೆನ್ನಾಗಿತ್ತು. ಅವಳು ಹಿಡಿಕೆಯನ್ನು ಅವನ ಕೈಗೆ ಕೊಟ್ಟಳು. ದೋಣಿ ಅವನು ಹೇಳಿದ ಕಡೆ ತಿರುಗಿತು. ಅವನ ಮುಖದಲ್ಲಿ ಎಳೆಯ ಮಗುವಿನ ಬೆರಗು ಕಂಡು ಅವಳು ಈ ಸಲ ಪೂರ್ತಿ ನಕ್ಕಳು. ಆಮೇಲೆ ತೆರೆದ ಕಡಲಿನ ಉದ್ದನೆಯ ಅಲೆಗಳು ಬಂದವು. ಸುಶಾಂತ್ ಮೊದಲು ಮಾತು ನಿಲ್ಲಿಸಿದ, ಆಮೇಲೆ ಬೆವರಿದ, ಆಮೇಲೆ ಹಿಡಿಕೆಯನ್ನು ಅವಳ ಕೈಗೆ ತುರುಕಿ ಅಂಚಿಗೆ ಓಡಿದ.

ಬೆಳಗಿನ ಉಪ್ಪಿಟ್ಟು ಹೋಯಿತು. ಚಹಾ ಹೋಯಿತು. ಹೋಗಲು ಏನೂ ಇಲ್ಲದಾಗಲೂ ಹೊಟ್ಟೆ ಬಿಡಲಿಲ್ಲ. ಚೂಡಾಮಣಿ ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದು ಕೈಯಲ್ಲಿ ಅವನ ಜಾಕೆಟ್ಟಿನ ಕಾಲರ್ ಹಿಡಿದುಕೊಂಡಿದ್ದಳು.

"ನೋಡ್ಬೇಡಿ," ಅಂದ ಅವನು.

"ಇಷ್ಟು ಹತ್ರದಲ್ಲಿ ಎಲ್ಲಿ ನೋಡ್ಲಿ ಮತ್ತೆ?"

ಅವನು ಅಂಚಿಗೆ ಒರಗಿ, ಕಣ್ಣಲ್ಲಿ ನೀರು, ಗದ್ದದ ಮೇಲೆ ಎಂಜಲು, ಹಾಗೇ ಅವಳ ಕಡೆ ತಿರುಗಿದ. ಒಂದು ತಿಂಗಳಿಂದ ಎತ್ತದಿದ್ದ ತಲೆಯನ್ನು ಪೂರ್ತಿ ಎತ್ತಿದ.

"ಚೂಡಾಮಣಿ, ನನಗೆ ನೀವಂದ್ರೆ ತುಂಬ ಇಷ್ಟ. ಮದುವೆ ಆಗ್ಬೇಕು ಅನ್ನುವಷ್ಟು ಇಷ್ಟ."

ಹಾಯಿ ಒಮ್ಮೆ ಪಟಪಟ ಬಡಿಯಿತು, ಅವಳು ನೋಡದೆಯೇ ಚುಕ್ಕಾಣಿ ಸರಿಮಾಡಿದಳು.

"ಇದನ್ನ… ಈಗ ಹೇಳ್ಬೇಕಾಗಿತ್ತಾ?"

"ಈಗಲೇ ಹೇಳ್ಬೇಕು. ನಿಮ್ಮ ಮುಂದೆ ಮುಚ್ಚಿಡ್ಲಿಕ್ಕೆ ಇನ್ನು ಎಂತದೂ ಉಳಿದಿಲ್ಲ."

ದೋಣಿ ಒಂದು ಅಲೆ ಹತ್ತಿ ಇಳಿಯಿತು, ಇನ್ನೊಂದನ್ನು ಹತ್ತಿತು. ಸುಶಾಂತ್ ಕಾದ. ಅವಳು ಕಾಲರ್ ಬಿಟ್ಟಳು. ಬೆಂಚಿನ ಕೆಳಗಿಂದ ನೀರಿನ ಬಾಟಲಿ ತೆಗೆದು, ಹಲ್ಲಿನಿಂದ ಮುಚ್ಚಳ ತಿರುಗಿಸಿ ಅವನತ್ತ ಚಾಚಿದಳು.

"ಬಾಯಿ ತೊಳ್ಕೋ," ಎಂದಳು. "ಆಮೇಲೆ ಇನ್ನೊಂದ್ ಸಲ ಹೇಳು."